ಗೋಡೆಯಿಲ್ಲದ ಕೋಣೆಯ ಗದ್ದಲ

ನನ್ನ ಮಗಳು ಬೆಂಗಳೂರಿನ ಒಂದು ಕಚೇರಿಗೆ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಬೆಳಿಗ್ಗೆ ರಾಮನಗರದಲ್ಲಿ ರೈಲು ಹತ್ತಿದರೆ ಮನೆ ಸೇರುವಾಗ ರಾತ್ರಿ ಎಂಟು ಗಂಟೆ. ಮೊದಲೆಲ್ಲ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಡುವ ಮುಂಚೆಯೇ ದಿನದ ಸುದ್ದಿಯನ್ನೆಲ್ಲ ಒಪ್ಪಿಸಿಬಿಡುತ್ತಿದ್ದಳು. ಈಚೆಗೆ ಹಾಗಲ್ಲ. ನೇರವಾಗಿ ಹಿತ್ತಿಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರುತ್ತಾಳೆ. ಕಾಫಿ ಬೇಕೇ ಎಂದರೆ ಕೈಯಲ್ಲೇ ಬೇಡ ಎನ್ನುತ್ತಾಳೆ. ಯಾರ ಜೊತೆಗಾದರೂ ಜಗಳವಾಯಿತೋ, ಹೇಳಿಕೊಳ್ಳಲಾಗದ ಕಷ್ಟವೇನಾದರೂ ಇದೆಯೋ ಎಂದು ತಾಯಿಯ ಮನಸ್ಸು ಏನೇನೋ ಊಹಿಸಿತು.

ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದೆ. ಅವಳ ಕಿವಿಯ ಹಿಂದೆ ಎರಡೂ ಕಡೆ ಕೆಂಪಗೆ ಬರೆ ಬಿದ್ದಿತ್ತು. "ಹೆಡ್‌ಫೋನಮ್ಮಾ. ದಿನಕ್ಕೆ ಏಳು ಗಂಟೆ ಹಾಕಿಕೊಂಡೇ ಇರುತ್ತೇನೆ" ಎಂದಳು. ಹಾಡು ಕೇಳುವುದಕ್ಕೋ ಎಂದು ಗದರಿಸಿದೆ. "ಹಾಡು ಕೇಳುವುದಕ್ಕಲ್ಲ, ಬೇರೆಯವರ ಮಾತು ಕೇಳದೆ ಇರುವುದಕ್ಕೆ" ಎಂದಳು. ಅವಳ ಕಚೇರಿ ಒಂದೇ ಒಂದು ದೊಡ್ಡ ಹಾಲು. ಅದರಲ್ಲಿ ಸುಮಾರು ಇನ್ನೂರು ಜನ. ನಡುವೆ ಗೋಡೆಯಿಲ್ಲ, ಬಾಗಿಲಿಲ್ಲ. ನೆಲ ಕನ್ನಡಿಯಂಥ ಕಲ್ಲು, ಸುತ್ತ ಗಾಜು, ಮೇಲೆ ಬೋಳು ಕಾಂಕ್ರೀಟು. ಎಡಗಡೆಯವರು ಫೋನಿನಲ್ಲಿ ಸಾಲ ವಸೂಲಿ ಮಾತಾಡಿದರೆ, ಬಲಗಡೆಯವರು ಮಗುವಿನ ಶಾಲೆಯ ವ್ಯಾನಿನವನ ಜೊತೆ ಮಾತಾಡುತ್ತಾರೆ. ಇವಳು ನಡುವೆ ಕೂತು ಲೆಕ್ಕ ತಾಳೆ ನೋಡಬೇಕು. ಇದಕ್ಕೆ ಓಪನ್ ಪ್ಲಾನ್ ಕಚೇರಿ ಎಂದು ಹೆಸರಂತೆ. "ನಿನಗೆ ಅರ್ಥವಾಗುವುದಿಲ್ಲ ಬಿಡಮ್ಮ" ಎಂದಳು.

ನನಗೆ ನಗು ಬಂತು. ಅರ್ಥವಾಗದೆ ಏನು? ಅಂಥದೇ ಕೋಣೆಯಲ್ಲಿ ನಾನು ನನ್ನ ದನಿಯನ್ನು ಕಳೆದುಕೊಂಡವಳು.

1994ರ ಜೂನ್ ತಿಂಗಳಲ್ಲಿ ನಾನು ಮಾಗಡಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಸೇರಿದೆ. ಬಿ.ಎ., ಬಿ.ಎಡ್. ಮುಗಿಸಿ, ಚಾರ್ಟು, ಭೂಪಟ, ಪಾಠ ಟಿಪ್ಪಣಿಗಳನ್ನೆಲ್ಲ ಕಟ್ಟಿಕೊಂಡು ಹೋದರೆ ಶಾಲೆಗೆ ಸ್ವಂತ ಕಟ್ಟಡವೇ ಇರಲಿಲ್ಲ. ಊರಿನವರು ಬಿಟ್ಟುಕೊಟ್ಟಿದ್ದ ಹಳೆಯ ಗೋದಾಮು ಅದು. ಕಲ್ಲುಚಪ್ಪಡಿಯ ಗೋಡೆ, ಸಿಮೆಂಟು ನೆಲ, ಮೇಲೆ ತಗಡು. ಆ ಉದ್ದನೆಯ ಹಾಲಿನಲ್ಲಿ ಒಂದು ತುದಿಗೆ ಎಂಟನೆಯ ತರಗತಿ, ಮಧ್ಯೆ ಒಂಬತ್ತು, ಇನ್ನೊಂದು ತುದಿಗೆ ಹತ್ತು. ನಡುವೆ ಎದೆಯೆತ್ತರದ ಬಿದಿರು ತಟ್ಟಿ. ಮೂವರು ಮೇಷ್ಟ್ರು ಏಕಕಾಲಕ್ಕೆ ಪಾಠ ಮಾಡಬೇಕು.

ನಾನು ಸಣ್ಣ ದನಿಯಲ್ಲಿ ಶುರು ಮಾಡುತ್ತಿದ್ದೆ. ತಟ್ಟಿಯಾಚೆಯ ಗಣಿತದವರ ದನಿ ಏರುತ್ತಿತ್ತು. ಅದನ್ನು ಮೀರಲು ನಾನು ಏರಿಸುತ್ತಿದ್ದೆ. ನಮ್ಮಿಬ್ಬರನ್ನೂ ಮೀರಲು ಹಿಂದಿಯವರು ಏರಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೂವರೂ ಕಿರುಚುತ್ತಿದ್ದೆವು, ಮಕ್ಕಳಿಗೆ ಮೂವರದೂ ಕೇಳುತ್ತಿರಲಿಲ್ಲ. ಒಂದು ಕಿರುಪರೀಕ್ಷೆಯಲ್ಲಿ ಹುಡುಗಿಯೊಬ್ಬಳು, ಮೊದಲನೆಯ ಪಾಣಿಪತ್ ಕದನವು 1526ರಲ್ಲಿ ಬಾಬರನಿಗೂ ಲಂಬಕೋನ ತ್ರಿಭುಜಕ್ಕೂ ನಡೆಯಿತು ಎಂದು ಬರೆದಿದ್ದಳು. ಎಲ್ಲರೂ ನಕ್ಕೆವು. ಆದರೆ ಆ ಹುಡುಗಿ ಬೆಪ್ಪಳಲ್ಲ. ಕಿವಿಗೆ ಬಿದ್ದದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದಳು, ಅಷ್ಟೆ.

ಹೀಗೆ ಸದ್ದಿನ ನಡುವೆ ಮನುಷ್ಯ ತನಗೇ ತಿಳಿಯದೆ ದನಿ ಏರಿಸುವುದಕ್ಕೆ ಒಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಎಟಿಯನ್ ಲೊಂಬಾರ್ ಎಂಬ ಫ್ರಾನ್ಸಿನ ಕಿವಿ-ಮೂಗು-ಗಂಟಲಿನ ವೈದ್ಯ 1911ರಲ್ಲಿ ಅದನ್ನು ವಿವರಿಸಿದ. ರೋಗಿಯ ಕಿವಿಗೆ ಯಂತ್ರದಿಂದ ಸದ್ದು ಕೇಳಿಸುತ್ತಾ ಮಾತನಾಡಿಸಿದರೆ ಆತನ ದನಿ ತಾನಾಗಿಯೇ ಏರುತ್ತಿತ್ತು, ಸದ್ದು ನಿಲ್ಲಿಸಿದೊಡನೆ ಇಳಿಯುತ್ತಿತ್ತು. ಮಾತಾಡುವವನಿಗೆ ತಾನು ಏರಿಸಿದ್ದೂ ತಿಳಿಯದು, ಇಳಿಸಿದ್ದೂ ತಿಳಿಯದು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನೀವೂ ಇದನ್ನು ಕಂಡಿರುತ್ತೀರಿ. ವಾಲಗ ಥಟ್ಟನೆ ನಿಂತಾಗ ಯಾರೋ ಒಬ್ಬರ ಮನೆಗುಟ್ಟು ಇಡೀ ಛತ್ರಕ್ಕೆ ಕೇಳಿಬಿಡುತ್ತದೆ. ಅದನ್ನು ಆಡಿದವರು ಬಜಾರಿಯಾಗಿರಬೇಕೆಂದಿಲ್ಲ, ಅದು ಮನುಷ್ಯನ ಕಿವಿಯ ಸ್ವಭಾವ.

ಆಗ ನಮಗೆ ಇದೊಂದೂ ತಿಳಿದಿರಲಿಲ್ಲ. ಮುಖ್ಯೋಪಾಧ್ಯಾಯರಿಗೆ ಹೇಳಿಕೊಂಡರೆ, "ಹೆಂಗಸರ ದನಿ ಸಣ್ಣದಮ್ಮ, ಸ್ವಲ್ಪ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ" ಎಂದರು. ಇನ್ನೊಮ್ಮೆ ಅಕ್ಕಮಹಾದೇವಿಯ ಸಂತೆಯ ವಚನವನ್ನು ನೆನಪಿಸಿದರು. ನನಗೆ ಅಳು ಬಂತು. ಅಕ್ಕ ಹೇಳಿದ್ದು ಲೋಕದ ನಿಂದೆ ಸ್ತುತಿಗಳ ನಡುವೆ ಮನಸ್ಸನ್ನು ಕಾಪಾಡಿಕೊಳ್ಳುವ ವಿಚಾರ. ಹತ್ತರಿಂದ ನಾಲ್ಕೂವರೆಯವರೆಗೆ ತಗಡಿನ ಕೆಳಗೆ ಕಿರುಚುವ ವಿಚಾರವಲ್ಲ.

1997ರ ಹೊತ್ತಿಗೆ ನನ್ನ ಗಂಟಲು ಕಟ್ಟಿತು. ಶುಂಠಿ, ಜೇನುತುಪ್ಪ, ಬಿಸಿನೀರು ಯಾವುದಕ್ಕೂ ಬಗ್ಗಲಿಲ್ಲ. ಬೆಂಗಳೂರಿನ ವೈದ್ಯರು ನೋಡಿ, ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ, ಮೇಷ್ಟ್ರುಗಳಿಗೂ ಹಾಡುಗಾರರಿಗೂ ಬರುವಂಥದು ಎಂದರು. ಒಂದು ತಿಂಗಳು ಮೌನ. ದನಿ ಮರಳಿ ಬಂತು, ಆದರೆ ಮೊದಲಿನ ದನಿ ಬರಲಿಲ್ಲ. ನಾನು ಕನಕಪುರದವಳು. ನಮ್ಮಜ್ಜಿಯಿಂದ ಕಲಿತ ಸೋಬಾನೆ ಪದಗಳನ್ನು ಹೇಳಲು ನೆಂಟರಿಷ್ಟರ ಮದುವೆಗಳಿಗೆ ನನ್ನನ್ನು ಹೇಳಿ ಕಳಿಸಿ ಕರೆಸುತ್ತಿದ್ದರು. ಆ ತಿಂಗಳ ನಂತರ ಮೇಲಿನ ಎಳೆಗೆ ಹೋದರೆ ನನ್ನ ದನಿ ಹರಿದ ಬಟ್ಟೆಯ ಹಾಗೆ ಆಗುತ್ತದೆ. ಹಸೆಯ ಮುಂದೆ ಈಗ ನಾನು ಕೂತು ಬರೀ ತಾಳ ಹಾಕುತ್ತೇನೆ.

ಆ ಗೋದಾಮಿನ ಗದ್ದಲವನ್ನು ಇಳಿಸಿದ್ದು ಇಲಾಖೆಯಲ್ಲ, ಮುಖ್ಯೋಪಾಧ್ಯಾಯರ ಬೆತ್ತವೂ ಅಲ್ಲ. ನಮ್ಮ ಹೊಲಿಗೆ ಟೀಚರು. ನಿವೃತ್ತಿಗೆ ಎರಡು ವರ್ಷವಿದ್ದ, ಹೆಚ್ಚು ಮಾತಾಡದ ಹೆಂಗಸು. ಸಂಕ್ರಾಂತಿ ಕಳೆದ ಮೇಲೆ ಊರಿನವರು ರಾಗಿ ಮೂಟೆಗಳನ್ನು ತಂದು ಹಾಲಿನ ಎರಡು ಗೋಡೆಗೂ ಒತ್ತಾಗಿ ಒಟ್ಟುತ್ತಿದ್ದರು. ಕೂರಲು ಜಾಗವಿಲ್ಲವೆಂದು ನಾವೆಲ್ಲ ಗೊಣಗುತ್ತಿದ್ದೆವು. ಅವರೊಬ್ಬರೇ ಗಮನಿಸಿದ್ದು: ಮೂಟೆ ಇದ್ದ ತಿಂಗಳು ಯಾರಿಗೂ ಗಂಟಲು ನೋಯುತ್ತಿರಲಿಲ್ಲ, ಮೂಟೆ ಎತ್ತಿದ ವಾರವೇ ಮತ್ತೆ ಸಂತೆ. "ರಾಗಿ ನಮ್ಮ ಮಾತು ಕುಡೀತದೆ ಕಣ್ರಿ" ಎಂದರು. ಮಕ್ಕಳಿಂದ ಹಳೆಯ ಗೋಣಿಚೀಲ ತರಿಸಿ, ಒಳಗೆ ತೆಂಗಿನ ನಾರು ತುಂಬಿ ಹೊಲಿದು, ದಪ್ಪ ದಿಂಡುಗಳನ್ನು ಮಾಡಿ ಗೋಡೆಗೂ ತಗಡಿನ ಕೆಳಗೂ ನೇತುಹಾಕಿಸಿದರು. ಕಪ್ಪುಹಲಗೆಗಳನ್ನು ಬದಲಿಸಿ, ಮೂವರ ದನಿಯೂ ಮೂರು ದಿಕ್ಕಿಗೆ ಹೋಗುವಂತೆ ಮಾಡಿದರು. ಕೊನೆಗೆ ವೇಳಾಪಟ್ಟಿಗೇ ಕೈ ಹಾಕಿದರು. ಒಂದು ತರಗತಿಗೆ ಬಾಯಿಪಾಠವಿದ್ದರೆ ಪಕ್ಕದ್ದಕ್ಕೆ ಬರೆಯುವ ಕೆಲಸ, ಅದರಾಚೆಗೆ ಭೂಪಟ ಅಥವಾ ಹೊಲಿಗೆ. ಗೋಡೆ ಬರಲಿಲ್ಲ, ಸದ್ದು ಪೂರ್ತಿ ನಿಲ್ಲಲೂ ಇಲ್ಲ. ಆದರೆ ನಾನು ಮಾತಾಡುವ ದನಿಯಲ್ಲೇ ಪಾಠ ಮಾಡುವುದು ಸಾಧ್ಯವಾಯಿತು. ನನ್ನ ಗಂಟಲಿಗೆ ಮಾತ್ರ ಅದು ಒಂದು ವರ್ಷ ತಡವಾಗಿತ್ತು.

ಇತಿಹಾಸ ಓದಿದವಳಾದ್ದರಿಂದ, ಹೊಲಿಗೆ ಟೀಚರಿಗಿಂತ ಮೊದಲು ಯಾರಾದರೂ ಹೀಗೆ ಮಾಡಿದ್ದಾರೆಯೇ ಎಂದು ಹುಡುಕುವ ಚಟ ನನಗೆ ಹತ್ತಿತು. ಗೋಡೆಯಿಲ್ಲದ ಶಾಲೆಯ ಕಥೆ ನಮ್ಮ ಪಕ್ಕದ ಮದರಾಸಿನಲ್ಲೇ ಸಿಕ್ಕಿತು. ಅಲ್ಲಿನ ಅನಾಥ ಬಾಲಕರ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ನಮ್ಮ ಜಗಲಿ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದನ್ನು ಕಂಡು ತನ್ನ ಶಾಲೆಗೂ ತಂದ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸುವ ಪದ್ಧತಿ ಮಾಡಿದ. ಊರಿಗೆ ಮರಳಿ 1797ರಲ್ಲಿ ಅದನ್ನು ಪುಸ್ತಕ ಮಾಡಿದ. ಅಲ್ಲಿ ಜೋಸೆಫ್ ಲ್ಯಾಂಕಾಸ್ಟರನೂ ಇಂಥದೇ ಪದ್ಧತಿ ನಡೆಸಿದ. ಹೀಗೆ ಒಂದೇ ಹಾಲಿನಲ್ಲಿ ನೂರಾರು ಮಕ್ಕಳನ್ನು ಕೂರಿಸುವ ಶಾಲೆಗಳು ಇಂಗ್ಲೆಂಡಿನಲ್ಲಿ ಹಬ್ಬಿದವು. ನಮ್ಮ ಜಗಲಿಯ ಮೇಲೆ ಹತ್ತಿಪ್ಪತ್ತು ಮಕ್ಕಳ ಕಲರವವಾಗಿದ್ದದ್ದು ಅಲ್ಲಿನ ಹಾಲಿನಲ್ಲಿ ಗದ್ದಲವಾಯಿತು. ಜಗಲಿಗೆ ಮೂರು ಕಡೆ ಆಕಾಶ, ಸದ್ದು ಹೊರಗೆ ಹೋಗುತ್ತದೆ. ಹಾಲಿಗೆ ನಾಲ್ಕು ಗೋಡೆ, ಹೋದ ಸದ್ದು ತಿರುಗಿ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಅಲ್ಲಿನ ಸರ್ಕಾರವೇ ಹಾಲಿನೊಳಗೆ ತರಗತಿಗಳ ನಡುವೆ ಪರದೆ ಎಳೆಯುವಂತೆ ಸೂಚಿಸಿತು. ಕೊನೆಗೆ ಗೋಡೆಗಳೇ ಬಂದವು.

ಸದ್ದು ತಿರುಗಿ ಬರುವುದನ್ನು ನಮ್ಮೂರಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ರಾಮದೇವರ ಬೆಟ್ಟದ ಬಂಡೆಯ ಎದುರು ನಿಂತು ಕೂಗಿದರೆ ಕೂಗು ವಾಪಸು ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಬಂಡೆ 170 ಮೀಟರು ದೂರವಿದ್ದರೆ ಸರಿಯಾಗಿ ಒಂದು ಸೆಕೆಂಡಿಗೆ ಮರುದನಿ. ಕೋಣೆಯಲ್ಲಿ ಗೋಡೆ ಹತ್ತಿರವಿರುವುದರಿಂದ ಮರುದನಿ ಬೇರೆಯಾಗಿ ಕೇಳುವುದಿಲ್ಲ. ಒಂದರ ಮೇಲೊಂದು ಹೊರಳಿ ಮುಂದಿನ ಮಾತನ್ನೇ ನುಂಗುತ್ತದೆ. ಕಲ್ಲು, ಗಾಜು, ಸಿಮೆಂಟು ಸದ್ದನ್ನು ಚೆಂಡಿನಂತೆ ಹಿಂದಕ್ಕೆಸೆಯುತ್ತವೆ. ನಮ್ಮ ಕಡೆಯವರೇ ಆದ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ, 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲನ್ನೂ ಬಳಸಿದ್ದಾರೆ. ಕಲ್ಲಿನ ಚೆಲುವು ಕಣ್ಣಿಗೆ, ಕಿವಿಗೆ ಅದು ಒರಟೇ. ನಮ್ಮ ಹಳೆಯ ಮಣ್ಣಿನ ಮನೆಗಳಲ್ಲಿ, ಹುಲ್ಲು ಹೊದಿಸಿದ ಸೂರಿನ ಕೆಳಗೆ ಎಷ್ಟು ಜನರಿದ್ದರೂ ಮಾತು ಮೆತ್ತಗೆ ಕೇಳುತ್ತಿದ್ದುದು ಏಕೆಂದು ಈಗ ತಿಳಿಯುತ್ತದೆ.

ನಮ್ಮ ಹೊಲಿಗೆ ಟೀಚರು ರಾಗಿ ಮೂಟೆಯಿಂದ ಕಂಡುಕೊಂಡದ್ದನ್ನು ಅಮೆರಿಕದಲ್ಲಿ ಒಬ್ಬಾತ ಕುರ್ಚಿಯ ಮೆತ್ತೆಯಿಂದ ಕಂಡುಕೊಂಡಿದ್ದ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸ ಉಪನ್ಯಾಸ ಮಂದಿರ ತೆರೆದರು. ಒಂದು ಮಾತು ಆಡಿದರೆ ಐದೂವರೆ ಸೆಕೆಂಡು ಒಳಗೇ ಸುಳಿದಾಡುತ್ತಿತ್ತು. ಪಾಠ ಮಾಡುವುದೇ ಆಗದ ಮಾತಾಯಿತು. ಸರಿಪಡಿಸಲು ಇಪ್ಪತ್ತೇಳು ವರ್ಷದ ವ್ಯಾಲೇಸ್ ಸೇಬೈನ್ ಎಂಬ ಭೌತಶಾಸ್ತ್ರದ ಮೇಷ್ಟ್ರಿಗೆ ಹೇಳಿದರು. ಆತ ರಾತ್ರಿಯ ಹೊತ್ತು, ಊರು ಮಲಗಿದ ಮೇಲೆ, ಹತ್ತಿರದ ನಾಟಕಶಾಲೆಯ ಮೆತ್ತೆಗಳನ್ನು ಹೊರಿಸಿಕೊಂಡು ಬಂದು ಹಾಸಿ, ಒಂದು ಕೊಳವೆಯನ್ನು ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆಯುತ್ತಿದ್ದ. ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸು ಇಡಬೇಕು. ಮೆತ್ತೆ ಹೆಚ್ಚಿದಂತೆ ಸದ್ದು ಬೇಗ ಅಡಗುತ್ತಿತ್ತು. ಕೋಣೆಯ ತುಂಬ ಹಾಸಿದಾಗ ಐದೂವರೆ ಸೆಕೆಂಡು ಸುಮಾರು ಒಂದಕ್ಕೆ ಇಳಿಯಿತು. ತಾನು ತೊಟ್ಟ ಬಟ್ಟೆಯೂ ಸದ್ದನ್ನು ಹೀರುತ್ತದೆಂದು ನಡುವೆ ಗೊತ್ತಾಗಿ, ಆವರೆಗಿನ ಲೆಕ್ಕ ಬಿಸಾಡಿ, ಆಮೇಲೆ ಪ್ರತಿ ರಾತ್ರಿಯೂ ಅದೇ ಬಟ್ಟೆ ತೊಟ್ಟು ಹೋದನಂತೆ. ಎಷ್ಟು ದೊಡ್ಡ ಕೋಣೆಗೆ ಎಷ್ಟು ಮೆತ್ತನೆಯ ವಸ್ತು ಬೇಕು ಎಂಬ ಸೂತ್ರ ಹೀಗೆ ಹುಟ್ಟಿತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಂಗೀತ ಸಭಾಂಗಣ ಆ ಸೂತ್ರದ ಮೇಲೆಯೇ ಕಟ್ಟಿದ್ದು.

ಮೆತ್ತನೆಯ ವಸ್ತು ಎದ್ದ ಸದ್ದನ್ನು ಕುಡಿಯುತ್ತದೆ. ಸದ್ದು ಏಳದಂತೆ ಮಾಡುವುದು ಬೇರೆ ವಿದ್ಯೆ. ಅದನ್ನು ನಾನು ಮೊದಲು ಕಂಡದ್ದು ಕನಕಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ನನ್ನ ವಯಸ್ಸಿನ ಓದುಗರಿಗೆ ಹೇಳಬೇಕಾಗಿಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರಿಗೆ ಆಗ ಎರಡೇ ದಾರಿ: ಟೈಲರಿಂಗು ಇಲ್ಲವೇ ಟೈಪಿಂಗು. ಸಣ್ಣ ಕೋಣೆಯಲ್ಲಿ ಹನ್ನೆರಡು ಯಂತ್ರ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಪ್ರತಿ ಯಂತ್ರದ ಕೆಳಗೂ ದಪ್ಪ ಉಣ್ಣೆಯ ಪಟ್ಟಿ ಹಾಸಿರುತ್ತಿತ್ತು. ಮೇಜು ಸವೆಯಬಾರದೆಂದು ಹಾಸಿರಬೇಕೆಂದುಕೊಂಡಿದ್ದೆ. ಒಂದು ದಿನ ಪಟ್ಟಿಯಿಲ್ಲದ ಯಂತ್ರ ನನ್ನ ಪಾಲಿಗೆ ಬಂತು. ಮರದ ಮೇಜು ತಮಟೆಯಾಗಿ ಹೋಯಿತು. ಅರ್ಧ ಸದ್ದು ಯಂತ್ರದ್ದಲ್ಲ, ಮೇಜಿನದು ಎಂದು ಆವತ್ತು ತಿಳಿಯಿತು. ಚನ್ನಪಟ್ಟಣದ ಬೊಂಬೆ ಮಾಡುವವರಿಗೂ ಇದು ಗೊತ್ತು. ಹಾಲೆ ಮರವನ್ನು ಕಡೆಯಲು ಹಿಂದೆ ಕೈಯಿಂದ ತಿರುಗಿಸುವ ಲೇತು ಇತ್ತು, ಆಮೇಲೆ ಒಂದೇ ಸೂರಿನಡಿ ಸಾಲಾಗಿ ವಿದ್ಯುತ್ ಲೇತುಗಳು ಬಂದವು. ಮಕ್ಕಳನ್ನು ಕರೆದುಕೊಂಡು ಹೋದಾಗ ಒಂದು ಕಡೆ ಮೋಟಾರಿನ ಕಾಲಡಿಗೆ ಹಳೆಯ ಟೈರಿನ ತುಂಡು ಇಟ್ಟಿದ್ದನ್ನು ಕಂಡೆ. ಏಕೆಂದು ಕೇಳಿದರೆ ಕೆಲಸದ ಹೆಂಗಸು, "ಇಲ್ದಿದ್ರೆ ಹಲ್ಲು ಅದರ್ತವೆ" ಎಂದಳು.

ಯಂತ್ರದ ಸದ್ದಿಗೆ ಯಂತ್ರ ಮಾಡಿದವರೂ ತಲೆಕೆಡಿಸಿಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೈಪ್‌ರೈಟರಿನ ಜೊತೆಗೇ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕಚೇರಿಗಳನ್ನು ಹೊಕ್ಕರು. ಅವರನ್ನೆಲ್ಲ ಒಂದೇ ಹಾಲಿನಲ್ಲಿ ಸಾಲಾಗಿ ಕೂರಿಸುತ್ತಿದ್ದರು. ಸಾಹೇಬರಿಗೆ ಬಾಗಿಲಿರುವ ಕೋಣೆ, ಹೆಂಗಸರಿಗೆ ಹಾಲು. ಸದ್ದು ಮಾಡದ ಟೈಪ್‌ರೈಟರ್ ಎಂದೇ ಹೆಸರಿಟ್ಟು ಒಂದು ಕಂಪನಿ ಯಂತ್ರ ತಯಾರಿಸಿತು. 1920ರ ದಶಕದಲ್ಲಿ ರೆಮಿಂಗ್ಟನ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು.

ಬಾಗಿಲನ್ನೇ ತೆಗೆದು ಎಲ್ಲರನ್ನೂ ಹಾಲಿಗೆ ತರುವ ವಿಚಾರ ಬಂದದ್ದು ಒಳ್ಳೆಯ ಮನಸ್ಸಿನಿಂದಲೇ. 1906ರಲ್ಲಿ ಅಮೆರಿಕದ ಬಫಲೋ ಊರಿನಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಲಾರ್ಕಿನ್ ಕಂಪನಿಯ ಕಚೇರಿಯಲ್ಲಿ ನಡುವೆ ಮುಗಿಲೆತ್ತರದ ತೆರೆದ ಅಂಗಳ. ಹೊರಗಿನ ರೈಲಿನ ಹೊಗೆ ಮತ್ತು ಸದ್ದು ಒಳಗೆ ಬಾರದಂತೆ ಬಿಗಿದ ಕಟ್ಟಡ. 1950ರ ದಶಕದ ಕೊನೆಗೆ ಜರ್ಮನಿಯ ಷ್ನೆಲೆ ಸಹೋದರರು ಮೇಲು ಕೀಳಿನ ಗೋಡೆಗಳು ಬೇಡವೆಂದು ಮೇಜುಗಳನ್ನು ತೋಟದ ಗಿಡಗಳಂತೆ ಗುಂಪು ಗುಂಪಾಗಿ ಇಟ್ಟರು. ಆದರೆ ಒಂದು ಮಾತನ್ನು ಗಮನಿಸಬೇಕು. ಅವರು ನೆಲಕ್ಕೆ ದಪ್ಪ ಜಮಖಾನೆ ಹಾಸಿದ್ದರು, ನಡುನಡುವೆ ಗಿಡ, ಪರದೆ ಇಟ್ಟಿದ್ದರು. 1968ರಲ್ಲಿ ಅಮೆರಿಕದ ರಾಬರ್ಟ್ ಪ್ರಾಪ್ಸ್ಟ್ ಬಟ್ಟೆ ಹೊದಿಸಿದ ಅಡ್ಡತಡಿಕೆಗಳನ್ನು ತಂದ. ಜನ ಬೇಕಾದಂತೆ ತಿರುಗಿಸಿಕೊಳ್ಳಲಿ ಎಂಬುದು ಆತನ ಆಸೆ. ಕಂಪನಿಗಳು ಅವನ್ನೇ ಚೌಕ ಚೌಕ ಗೂಡು ಮಾಡಿ ಜನರನ್ನು ತುಂಬಿದವು. ಗೂಡುಗಳಿಗೆ ಬೇಸತ್ತ ಮೇಲೆ ತಡಿಕೆಯೂ ಹೋಯಿತು, ಜಮಖಾನೆಯೂ ಹೋಯಿತು. ತೆರೆದ ಹಾಲು ಮಾತ್ರ ಉಳಿಯಿತು. ಬಾಡಿಗೆ ಕಡಿಮೆ, ನೋಡಲು ಚೆಂದ. ನನ್ನ ಮಗಳ ಪಾಲಿಗೆ ಬಂದದ್ದು ಈ ಕೊನೆಯ ಅವತಾರ.

ಇಷ್ಟು ಹೇಳಿದ ಮೇಲೆ ಒಂದು ಅನುಮಾನ ಉಳಿಯುತ್ತದೆ. ರೇಷ್ಮೆ ನೂಲು ಬಿಚ್ಚುವ ಹೆಂಗಸರು ನಮ್ಮೂರಿನಲ್ಲಿ ಯಂತ್ರದ ಸದ್ದಿನ ನಡುವೆಯೇ ದಿನವಿಡೀ ಎಳೆ ತಪ್ಪದೆ ಕೆಲಸ ಮಾಡುತ್ತಾರೆ. ಇವರಿಗೇನು ಮಾತಿನ ಸದ್ದಿಗೇ ಇಷ್ಟು ಸಂಕಟ ಎಂದು ನನ್ನ ಯಜಮಾನರು ಕೇಳಿದರು. ಸದ್ದು ಬೇರೆ, ಮಾತು ಬೇರೆ. ಬಹಳ ಜೋರಾದ ಯಂತ್ರದ ಸದ್ದು ಕಿವಿಯನ್ನೇ ಕೆಡಿಸುತ್ತದೆ, ಅದು ಸಣ್ಣ ವಿಷಯವಲ್ಲ. ಆದರೆ ಒಂದೇ ಸಮನೆ ಹರಿಯುವ ಮೆಲುಸದ್ದಿಗೆ ಮನಸ್ಸು ಒಗ್ಗಿಕೊಳ್ಳುತ್ತದೆ. ಮಾತಿಗೆ ಹಾಗೆ ಒಗ್ಗುವುದಿಲ್ಲ, ಅದರ ಅರ್ಥ ಹುಡುಕಿಕೊಂಡು ಹೋಗುತ್ತದೆ. ಅದರಲ್ಲೂ ಅರ್ಧ ಮಾತು ಇನ್ನೂ ಕಷ್ಟ. ಪಕ್ಕದಲ್ಲಿ ಒಬ್ಬರು ಫೋನಿನಲ್ಲಿ ಮಾತಾಡುವಾಗ ಒಂದೇ ಕಡೆಯ ಮಾತು ಕೇಳುವುದು, ಇಬ್ಬರ ಮಾತನ್ನೂ ಪೂರ್ತಿ ಕೇಳುವುದಕ್ಕಿಂತ ಹೆಚ್ಚಾಗಿ ಗಮನ ಕೆಡಿಸುತ್ತದೆಂದು ಕಾರ್ನೆಲ್ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದರು. ಆ ಕಡೆಯವರು ಏನೆಂದಿರಬಹುದು ಎಂದು ಮನಸ್ಸು ತಾನಾಗಿಯೇ ತುಂಬಿಕೊಳ್ಳುತ್ತಾ ಹೋಗುತ್ತದಂತೆ. ನನ್ನ ಹುಡುಗಿ ಬಾಬರನಿಗೆ ತ್ರಿಭುಜವನ್ನು ಗಂಟುಹಾಕಿದ್ದು ಹೀಗೆಯೇ ಇರಬೇಕು.

ಗೋಡೆ ತೆಗೆದರೆ ಜನ ಹೆಚ್ಚು ಬೆರೆಯುತ್ತಾರೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2018ರಲ್ಲಿ ಹಾರ್ವರ್ಡಿನ ಇಬ್ಬರು ಸಂಶೋಧಕರು ಎರಡು ದೊಡ್ಡ ಕಂಪನಿಗಳ ಕಚೇರಿಗಳನ್ನು ಗೋಡೆ ತೆಗೆಯುವ ಮುಂಚೆಯೂ ತೆಗೆದ ಮೇಲೂ ಅಳೆದು ನೋಡಿದರು. ಮುಖಾಮುಖಿ ಮಾತು ಸುಮಾರು ಶೇಕಡಾ 70ರಷ್ಟು ಕಡಿಮೆಯಾಗಿತ್ತು. ಜನ ಪಕ್ಕದಲ್ಲಿದ್ದವರಿಗೂ ಯಂತ್ರದಲ್ಲೇ ಬರೆದು ಕಳಿಸುತ್ತಿದ್ದರು. ಬಾಗಿಲಿಲ್ಲದ ಮನೆಯಲ್ಲಿ ಜನ ಕಣ್ಣಿಗೇ ಬಾಗಿಲು ಹಾಕಿಕೊಳ್ಳುತ್ತಾರೆ. ಮಗಳ ಹೆಡ್‌ಫೋನು ಅಂಥ ಬಾಗಿಲೇ.

ಹಾಗಾದರೆ ಮೌನವೊಂದೇ ಮದ್ದೇ? ಅಲ್ಲ ಎಂದು ನಮ್ಮೂರಿನ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ನನಗೆ ಕಲಿಸಿತು. ಹಿಂದೆ ಮಕ್ಕಳನ್ನು ಕರೆದುಕೊಂಡು ಹೋದರೆ ಹರಾಜಿನ ಕೂಗಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಈಗ ಇ-ಹರಾಜು. ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡಿ, ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ. ಗಂಟಲು ದೊಡ್ಡದಿದ್ದವರದೇ ಮೇಲುಗೈ ಎಂಬುದು ತಪ್ಪಿತು, ಅದು ಒಳ್ಳೆಯದೇ. ಆದರೆ ಕನಕಪುರದ ಕಡೆಯಿಂದ ಗೂಡು ತರುವ ನನ್ನ ನೆಂಟರ ಹೆಂಗಸು ಹೇಳುವುದು ಬೇರೆ: "ಆಗ ಓದು ಬರದ ನನಗೂ ಬೆಲೆ ಕಿವಿಗೆ ಬೀಳ್ತಿತ್ತು. ಈಗ ಬೋರ್ಡು ಓದೋಕೆ ಮಗನ್ನ ಕರಕೊಂಡು ಬರಬೇಕು." ಸದ್ದು ಇಳಿಸುವಾಗ ಯಾರ ದನಿ ಇಳಿಯುತ್ತಿದೆ ಎಂದು ಕೇಳಿಕೊಳ್ಳಬೇಕು. ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ಶಬ್ದಮಾಲಿನ್ಯದ ನಿಯಮಗಳು ಬಂದವು. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದೆಂದು ಅವು ಹೇಳುತ್ತವೆ. ಕೋಣೆಯೊಳಗೆ ಕೂತವರ ಗಂಟಲು ಕಿವಿಗಳ ಕಾಳಜಿಯನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು.

ಮಗಳಿಗೆ ಇದನ್ನೆಲ್ಲ ಎರಡು ಭಾನುವಾರ ಹೇಳಿದೆ. ಮೂರನೆಯ ವಾರ ಅವಳೂ ಅವಳ ಸಾಲಿನ ನಾಲ್ವರು ಹುಡುಗಿಯರೂ ಕೂತು ಒಂದು ಪಟ್ಟಿ ಮಾಡಿದರು. ಸುಮ್ಮನಿರಿ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಫೋನಿನ ಮಾತಿಗೆ ಮೂಲೆಯ ಒಂದು ಕೋಣೆ ಬಿಟ್ಟುಕೊಡಿ. ಮುದ್ರಣ ಯಂತ್ರವನ್ನು ನಡುವಿನಿಂದ ತೆಗೆದು ಗೋಡೆಯ ಬದಿಗಿಟ್ಟು ಕೆಳಗೆ ರಬ್ಬರು ಹಾಸಿ. ಸದ್ದು ತಡಿಕೆಯ ಮೇಲೆ ಹಾಯ್ದು ಸೂರಿಗೆ ಬಡಿದು ಇಳಿಯುವುದರಿಂದ, ಮೊದಲು ಸೂರಿನ ಕೆಳಗೆ ದಪ್ಪ ಹಲಗೆ ಹಾಕಿಸಿ, ಆಮೇಲೆ ಗೋಡೆಗೆ ಬಟ್ಟೆ. ದಿನವಿಡೀ ಫೋನಿನಲ್ಲಿರುವವರನ್ನು ಒಂದು ಕಡೆ, ಲೆಕ್ಕ ನೋಡುವವರನ್ನು ಇನ್ನೊಂದು ಕಡೆ ಕೂರಿಸಿ. ಬೆಳಿಗ್ಗೆ ಹತ್ತರಿಂದ ಹನ್ನೆರಡು ಎಲ್ಲರಿಗೂ ಬರೆಯುವ ಹೊತ್ತಾಗಲಿ.

ಸೂರಿನ ಹಲಗೆಗೆ ಹಣವಿಲ್ಲ ಎಂದರಂತೆ. ಉಳಿದವುಗಳಲ್ಲಿ ಮೂರು ಒಪ್ಪಿದರು. ಯಂತ್ರ ಸರಿಯಿತು, ಫೋನಿಗೆ ಕೋಣೆ ಸಿಕ್ಕಿತು, ಬೆಳಗಿನ ಎರಡು ಗಂಟೆ ಸಿಕ್ಕಿತು. ಅಷ್ಟಕ್ಕೇ ಅವಳ ಹಿತ್ತಿಲ ವಾಸ ಅರ್ಧ ಗಂಟೆಯಿಂದ ಹತ್ತು ನಿಮಿಷಕ್ಕೆ ಇಳಿದಿದೆ.

ಕಳೆದ ವೈಶಾಖದಲ್ಲಿ ಕನಕಪುರದಲ್ಲಿ ನನ್ನ ತಮ್ಮನ ಮಗಳ ಮದುವೆಯಾಯಿತು. ಹಸೆಯ ಮುಂದೆ ಅಭ್ಯಾಸದಂತೆ ತಾಳ ಹಾಕುತ್ತಾ ಕೂತಿದ್ದೆ. ಅಜ್ಜಿಯ ಪದವನ್ನು ಮಗಳೇ ಎತ್ತಿಕೊಂಡಳು. ಎರಡನೆಯ ನುಡಿಯಲ್ಲಿ ಹೊರಗೆ ಬ್ಯಾಂಡಿನವರು ಶುರು ಮಾಡಿದರು. ಅವಳು ದನಿ ಏರಿಸಲು ಹೊರಟಳು. ನಾನು ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದೆ. ಎದ್ದು ಹೋಗಿ ಬ್ಯಾಂಡಿನವರಿಗೆ ಎರಡೆರಡು ಲಾಡು ಕೊಟ್ಟು, ಹತ್ತು ನಿಮಿಷ ನಿಲ್ಲಿಸಿ ಎಂದು ಕೇಳಿಕೊಂಡು ಬಂದೆ. ನಿಲ್ಲಿಸಿದರು. ಅವಳು ಪದವನ್ನು ತನ್ನ ಮಾತಿನ ದನಿಯಲ್ಲೇ ಕೊನೆಯವರೆಗೂ ಹೇಳಿದಳು.